ಬೇವಿನ ಕಡ್ಡಿಯ ಅಕ್ಷರ

ವಿಕ್ರೋಳಿ, ಮುಂಬಯಿ
ಶ್ರಾವಣದ ಮೂರನೆಯ ಸೋಮವಾರ
ತಾ. 11-8-2025

ವಿಜಯಪುರದ ಗಂಗುಬಾಯಿ ಅಕ್ಕನವರಿಗೆ ವಿಕ್ರೋಳಿಯ ಬೋರಮ್ಮನ ಶರಣು.

ಇವತ್ತು ಸೋಮವಾರದ ಉಪವಾಸ. ಐದಕ್ಕೆ ನಳ ಬಂತು, ಎರಡು ಡ್ರಮ್ಮು ತುಂಬಿಕೊಂಡೆ. ಜಳಕ, ಲಿಂಗಪೂಜೆ ಆಯಿತು. ಶನಿವಾರ ದಾದರ್ ಮಾರ್ಕೆಟ್ಟಿನಿಂದ ತಂದ ಬಿಲ್ವಪತ್ರಿಯಲ್ಲಿ ಅರ್ಧ ಹುಳ ತಿಂದದ್ದು ಬಂದಿತ್ತು, ಆರಿಸಿ ಆರಿಸಿ ಇಪ್ಪತ್ತೊಂದು ಏರಿಸಿದೆ. ನಮ್ಮವರಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಟ್ಟೆ. ಏಳು ಇಪ್ಪತ್ತರ ಲೋಕಲ್ ಹಿಡಿಯಲು ಹೋದರು. ನಿನ್ನೆಯಿಂದ ಅವರ ಜೊತೆ ಮಾತು ಬಿಟ್ಟಿದ್ದೇನೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಇಷ್ಟು ವರ್ಷದ ಮೇಲೆ ಇವಳಿಗೆ ಏನು ಬಂತು ಅನ್ನುತ್ತೀರಿ. ಫೋನು ಎರಡು ಸಲ ಮಾಡಿದ್ದೆ, ನೀವು ಎತ್ತಲಿಲ್ಲ. ಸಿಟ್ಟಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ನಿಮ್ಮ ಮಗ ಅಮೋಲ್ ಗುರುವಾರ ಸಂಜೆ ಊರಿಗೆ ಹೊರಡುತ್ತಾನೆ ಅಂತ ಗೊತ್ತಾಯಿತು. ನಾಳೆ ಮಲಾಡ್‌ಗೆ ಹೋಗಿ ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಊಟ ಮುಗಿಸಿ ಓದಿರಿ. ಓದಿದ ಮೇಲೆ ಅನ್ನ ಸೇರಲಿಕ್ಕಿಲ್ಲ.

ವಿಷಯ ನಮ್ಮ ಸಂಘದ ಪತ್ರಿಕೆ ‘ಬುತ್ತಿ’ಯದು. ಮುಖಪುಟದ ಮೇಲೆ ನೀವು ಬರೆದ ಹೆಸರು ಇಪ್ಪತ್ತೆರಡು ವರ್ಷದಿಂದ ಬರುತ್ತಿದೆಯಲ್ಲ, ಅದನ್ನು ತೆಗೆಯುತ್ತಿದ್ದಾರೆ. ದಸರಾ ಸಂಚಿಕೆಯಿಂದ ಬೇರೆ ಅಕ್ಷರ ಹಾಕುತ್ತಾರೆ. ಬರುವ ಭಾನುವಾರ ಸಂಜೆ ಐದಕ್ಕೆ ಸಂಘದ ಸಭೆ, ಅಲ್ಲಿ ಠರಾವು ಆಗಿ ಮುಗಿಯುತ್ತದೆ. ತಡೆಯುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿನ್ನೆ ಕಮಿಟಿ ಕೂತಾಗ ನಡೆದ ಹೇಸಿಗೆ ಹೇಳಿ ಮುಗಿಸುತ್ತೇನೆ.

ಈಗಿನ ಅಧ್ಯಕ್ಷರು ಶ್ರೀಮಂತ ಅನ್ನುವ ಹೆಸರಿನವರು, ಆ ಕೇಟರಿಂಗಿನವರು. ನೀವಿದ್ದಾಗ ಒಂದು ಸ್ಟೋವು, ಎರಡು ಪಾತೇಲಿ ಇತ್ತು. ಈಗ ನಾಲ್ಕು ಟೆಂಪೋ ಇವೆ. ಅವರಿಗೆ ಪತ್ರಿಕೆ ‘ಮಾಡರ್ನ್’ ಆಗಬೇಕಂತೆ. ಅದಕ್ಕೆ ಅನಿಕೇತ್ ಅನ್ನುವವನನ್ನು ಕರೆಸಿದ್ದರು. ಬೆಳಗಾವಿ ಕಡೆಯವರ ಮಗ, ನಮ್ಮ ಹಿಂದಿನ ಬಿಲ್ಡಿಂಗಿನವನು, ಮಲಾಡ್‌ನ ಯಾವುದೋ ಆಫೀಸಿನಲ್ಲಿ ಡಿಸೈನ್ ಕೆಲಸ. ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಲ್ಯಾಪ್‌ಟಾಪ್ ತೆರೆದು ‘ಬುತ್ತಿ’ ಅನ್ನುವ ಹೆಸರನ್ನೇ ಹನ್ನೊಂದು ತರದ ಅಕ್ಷರದಲ್ಲಿ ತೋರಿಸಿದ. ಅದಕ್ಕೆ ಫಾಂಟ್ ಅನ್ನುತ್ತಾರೆ.

ಏನು ಹೇಳಲಿ ಅಕ್ಕಾ. ಮೊದಲನೆಯದು ಸೋಡಾ ಹೆಚ್ಚಾದ ಭಜಿಯ ಹಾಗೆ ಊದಿಕೊಂಡಿತ್ತು. ಇನ್ನೊಂದು ಬರೀ ತಂತಿ. ಅದರಲ್ಲಿ ‘ತ್ತಿ’ಯ ಒತ್ತು ತಿರುಪು ಕಳಚಿದ ಮೂಗುತಿಯಂತೆ ಜೋತಾಡುತ್ತಿತ್ತು. ಒಂದು ಮದುವೆ ಕಾರ್ಡಿನದು. ಮತ್ತೊಂದನ್ನು ಎಲ್ಲೋ ನೋಡಿದ್ದೇನಲ್ಲ ಅಂತ ಬಹಳ ಹೊತ್ತು ಯೋಚಿಸಿದೆ, ಆಮೇಲೆ ಹೊಳೆಯಿತು. ನಮ್ಮವರು ಯಾರಾದರೂ ಲಿಂಗೈಕ್ಯರಾದಾಗ ಫೋಟೋದ ಕೆಳಗೆ ಹಾಕಿ ಸ್ಟೇಷನ್ ರಸ್ತೆಯಲ್ಲಿ ಕಟ್ಟುವ ಬ್ಯಾನರಿನ ಅಕ್ಷರ ಅದು. ನಾನು ಹೇಳಿದೆ, ಇದು ಸತ್ತವರದು, ತೆಗೆ ಅಂತ. ಆ ಹುಡುಗ ಪಾಪ ಗಾಬರಿಯಾಗಿ, “ಸಾರಿ ಆಂಟಿ, ನಂಗೆ ಗೊತ್ತಿರಲಿಲ್ಲ, ಅಚ್ಛಾ ಕಾಣ್ತು ಅಂತ ಹಾಕ್ದೆ” ಅಂದ. ಅವನ ತಪ್ಪಿಲ್ಲ. ಓದಲು ಬಾರದವನಿಗೆ ಅಕ್ಷರ ಆರಿಸಲು ಕೊಟ್ಟವರದು ತಪ್ಪು.

ಆರಿಸುವವರ ಚೆಂದ ಕೇಳಿರಿ. ನಡುವೆ ಸಮೋಸದ ತಾಟು. ಕಾಶಪ್ಪ ಮಾಮಾ, ಮಿಲ್ಲಿನಲ್ಲಿದ್ದವರು, ಈಗ ಎಂಬತ್ತರ ಹತ್ತಿರ, ಆ ಊದಿದ ಅಕ್ಷರಕ್ಕೇ ಅಂಟಿಕೊಂಡರು. “ಇದ ಇರ್ಲಿ ನೋಡ್ರಿ. ಚಷ್ಮಾ ಇಲ್ದ ನನಗ ಕಾಣಸೂದು ಇದೊಂದ.” ಪಕ್ಕದಿಂದ ಯಾರೋ, “ಮಾಮಾ, ಚಷ್ಮಾ ಇಲ್ದ ನಿಮಗ ಕಾಣಸೂದು ಸಮೋಸಾ ಒಂದ” ಅಂದರು. ಎಲ್ಲರೂ ನಕ್ಕರು. ಕಾಶಪ್ಪ ಮಾಮಾ ತಾವೂ ನಕ್ಕು ಇನ್ನೊಂದು ತೆಗೆದುಕೊಂಡರು.

ಆಗ ಅಧ್ಯಕ್ಷರು ತಮ್ಮ ಫೋನು ತೆಗೆದು ತಮ್ಮ ಟೆಂಪೋದ ಮೇಲೆ ಬರೆಸಿದ ಹೆಸರಿನ ಫೋಟೋ ತೋರಿಸಿದರು. ಬಂಗಾರದ ಬಣ್ಣ, ಕೆಂಪು ನೆರಳು, ಕೊನೆಯ ಅಕ್ಷರದ ಬಾಲ ಎಳೆದು ಹೊಗೆಯಾಡುವ ಸೌಟು ಮಾಡಿದ್ದಾರೆ. “ಬುತ್ತಿ ಅಂದ್ರ ಊಟಾನ ಹೌದಿಲ್ಲೋ? ಮತ್ತ ಊಟದ ಅಕ್ಷರಾನ ಹಾಕೂಣು. ಏ ಅನಿಕೇತ್, ಯೇ ಹೀ ಮಾರ್” ಅಂದರು. ಅಂದು, ಬೆರಳಿಗೆ ಹತ್ತಿದ ಚಟ್ನಿ ನೆಕ್ಕಿ, ನೆಕ್ಕಿದ ಬೆರಳನ್ನೇ ಆ ಹುಡುಗನ ಲ್ಯಾಪ್‌ಟಾಪಿನ ಪರದೆಯ ಮೇಲೆ ಊರಿ ಇಲ್ಲಿ, ಇಲ್ಲಿ ಅಂತ ತೋರಿಸಿದರು. ‘ಬುತ್ತಿ’ಯ ಮೇಲೆ ಎಣ್ಣೆಯ ಬೊಟ್ಟು ಮೂಡಿತು. ನೋಡಲಾಗದೆ ಮುಖ ತಿರುಗಿಸಿದೆ. ಆದರೆ ಅಧ್ಯಕ್ಷರ ಬೆರಳಿಗೆ ಎಂಜಲು ಅನ್ನುವ ಧೈರ್ಯ ನನಗೆ ಇರಲಿಲ್ಲ ಅನ್ನುವುದನ್ನು ನೀವು ಗಮನಿಸುತ್ತೀರಿ ಅಂತ ಗೊತ್ತಿದ್ದೇ ಬರೆದಿದ್ದೇನೆ.

ಕೈ ಎತ್ತಿರಿ ಅಂದರು. ಕಮಿಟಿಯಲ್ಲಿ ಒಂಬತ್ತು ಜನ, ಹೆಂಗಸು ನಾನೊಬ್ಬಳೇ. ಏಳು ಕೈ ಟೆಂಪೋದ ಅಕ್ಷರಕ್ಕೆ ಎದ್ದವು, ಅದರಲ್ಲೊಂದು ನಮ್ಮವರದು. ಕಾಶಪ್ಪ ಮಾಮಾ ಊದಿದ್ದಕ್ಕೆ. ಮನೆಗೆ ಬಂದು ಕೇಳಿದರೆ ನಮ್ಮವರು ಹೇಳಿದ್ದೇನು ಗೊತ್ತೇ? “ಎಲ್ಲಾರೂ ಎತ್ತಿದ್ರು, ನಂದೊಂದ ಕೈ ಕೆಳಗಿದ್ರ ಛಲೋ ಕಾಣ್ತದೇನ? ಅಕ್ಷರ ಯಾವುದರ ಇರ್ಲಿ, ಒಳಗಿಂದು ಓದೂದು ಮುಖ್ಯ.” ಇಪ್ಪತ್ತೆರಡು ವರ್ಷದಲ್ಲಿ ಒಂದು ಸಂಚಿಕೆಯನ್ನೂ ತೆರೆದು ಓದಿದವರಲ್ಲ. ಅವರ ರೊಟ್ಟಿಗೆ ಇವತ್ತು ಎಣ್ಣೆ ಸವರದೆ ಕಟ್ಟಿದ್ದೇನೆ.

ನಾನು ಎದ್ದು ನಿಂತೆ. ಹಳೆಯ ಅಕ್ಷರಕ್ಕೇನಾಗಿದೆ, ಅದೇ ಇರಲಿ ಅಂದೆ. ಅನಿಕೇತ್ ಈ ವರ್ಷದ ಯುಗಾದಿ ಸಂಚಿಕೆಯ ಮುಖಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದ. ಕೈಯಲ್ಲಿ ಹಿಡಿದಾಗ ಕಾಣಿಸದ್ದೆಲ್ಲ ಅಲ್ಲಿ ಕಾಣಿಸಿತು. ‘ಬು’ವಿನ ಹೊಟ್ಟೆ ಮುಚ್ಚಿಹೋಗಿದೆ. ಅಂಚಿನ ತುಂಬ ಕಪ್ಪು ಹುಡಿ. ನೀವು ರೊಟ್ಟಿಯ ಬಟ್ಟೆಗೆ ಹಾಕುತ್ತಿದ್ದ ಗಂಟಿನ ಹಾಗೆ ಇದ್ದ ಆ ಒತ್ತು ಬರೀ ಒಂದು ಮುದ್ದೆ.

“ಆಂಟಿ, ಬಹುತ್ ಗಂದಾ ಹೈ. ಎಡ್ಜ್ ಎಲ್ಲಾ ಗಲೀಜು ಐತಿ” ಅಂದ ಆ ಹುಡುಗ.

ಗಲೀಜು ಅನ್ನಬೇಡ ಅಂತ ಚೀರಿದೆ. ಸಮೋಸ ತಿನ್ನುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ನಾನು ಯಾರ ಮೇಲೆ ಚೀರಿದೆ ಅನ್ನುವುದು ನಿಮಗೊಬ್ಬರಿಗೆ ಗೊತ್ತಾಗುತ್ತದೆ.

ಹುಡುಗ ಒಳ್ಳೆಯವನು. ಸಿಟ್ಟಾಗಲಿಲ್ಲ. ಮುಖಪುಟವನ್ನು ಮತ್ತೆ ನೋಡಿದ, ಪರದೆಗೆ ಮೂಗು ಹಚ್ಚಿ ನೋಡಿದ. ಇದು ಕಾಪಿಯ ಕಾಪಿಯ ಕಾಪಿ, ಅದಕ್ಕೇ ಹೀಗಾಗಿದೆ, ಆದರೆ ಅಡಿಯಲ್ಲಿ ಇರುವ ಕೈ ಬಹಳ ಚೆನ್ನಾಗಿದೆ, ಇಂಥ ತಿರುವು ಕಂಪ್ಯೂಟರಿನಲ್ಲಿ ಸಿಗುವುದಿಲ್ಲ ಅಂದ. ಯಾವ ಬ್ರಶ್ಶಿನಿಂದ ಬರೆದದ್ದು ಅಂತ ಕೇಳಿದ. ನಾನು ಸಮೋಸದ ತಾಟನ್ನು ಅವನ ಕಡೆ ಸರಿಸಿದೆ. ಮೂಲ ಹಾಳೆ ಇದ್ದರೆ ಕೊಡಿ, ಅದರಿಂದ ಹೊಸದಾಗಿ ತೆಗೆಯುತ್ತೇನೆ, ಟೆಂಪೋದ ಅಕ್ಷರಕ್ಕಿಂತ ನೂರು ಪಾಲು ಮೇಲಾಗುತ್ತದೆ ಅಂದ.

ಇದೆ ಅಂದೆ. ನನ್ನ ಟ್ರಂಕಿನಲ್ಲಿದೆ, ಭಾನುವಾರ ತರುತ್ತೇನೆ ಅಂದೆ. ಅಧ್ಯಕ್ಷರಿಗೆ ಇಷ್ಟವಾಗಲಿಲ್ಲ, ಆದರೂ ಎಲ್ಲರೆದುರು, “ಆತು, ತರ್ರಿ ಬೋರಮ್ಮಾರ. ಭಾನುವಾರ ಎರಡೂ ಜೋಡಿ ಇಟ್ಟು ನೋಡೂಣು. ತರಲಿಲ್ಲಂದ್ರ ಮಾತ್ರ ಟೆಂಪೋದ್ದು ಫಿಕ್ಸ್” ಅಂದರು.

ಅಕ್ಕಾ, ಟ್ರಂಕಿನಲ್ಲಿ ಏನೂ ಇಲ್ಲ.

ಆ ಖಂಡೇಪೂಜೆಯ ದಿನ ನಿಮಗೆ ನೆನಪಿಲ್ಲದೆ ಇಲ್ಲ. ಆದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು. ಬರುವ ದಸರೆಗೆ ಒಂಬತ್ತು ವರ್ಷ. ಸಂಘದ ಕೋಣೆಯಲ್ಲಿ ಮಣೆಯ ಮೇಲೆ ಪುಸ್ತಕ, ಪೆನ್ನು, ನಡುವೆ ಗಾಜು ಹಾಕಿಸಿದ ನಿಮ್ಮ ಹಾಳೆ. ಹದಿಮೂರು ವರ್ಷ ಆ ಹಾಳೆ ನನ್ನ ಮನೆಯ ಜಗಲಿಯ ಮೇಲೆ ಲಿಂಗದ ಪಕ್ಕ ಇತ್ತು. ಪ್ರತಿ ಸಂಚಿಕೆಗೆ ನಾನೇ ಅದನ್ನು ದಾದರ್‌ನ ಪ್ರೆಸ್ಸಿಗೆ ಸೆರಗಿನಲ್ಲಿ ಹಿಡಿದು ಒಯ್ದು, ಅವರು ನಕಲು ತೆಗೆದ ಮೇಲೆ ತಂದು ಮತ್ತೆ ಕುಂಕುಮ ಏರಿಸುತ್ತಿದ್ದೆ. ಅವತ್ತು ಆರತಿ ತಾಟು ನನ್ನ ಕೈಯಲ್ಲಿತ್ತು. ಹೊಸ ಸೊಸೆಯೊಬ್ಬಳು ಎಷ್ಟು ಚೆಂದ ಬರೆದಿದ್ದೀರಿ, ಹೇಗೆ ಬರೆದಿರಿ ಅಂತ ನಿಮ್ಮನ್ನು ಕೇಳಿದಳು. ನೀವು ನಗುನಗುತ್ತಾ ಹೇಳಿದಿರಿ. ಚಾಳಿನಲ್ಲಿ ಬ್ರಶ್ಶು ಎಲ್ಲಿಂದ ಬರಬೇಕು, ಬೆಳಿಗ್ಗೆ ಹಲ್ಲು ತಿಕ್ಕುತ್ತಿದ್ದ ಬೇವಿನ ಕಡ್ಡಿಯನ್ನೇ ತುದಿ ಜಗಿದು ಜಗಿದು ಕುಂಚ ಮಾಡಿಕೊಂಡೆ, ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯಲ್ಲಿ ಅದ್ದಿ ಮೂರು ಸಲ ಬರೆದೆ, ಮೂರನೆಯದು ಇದು ಅಂತ. ಎಲ್ಲರೂ ನಕ್ಕರು.

ನಾನು ತಾಟು ಕೆಳಗಿಟ್ಟೆ. “ಎಂಜಲಾ? ಇಷ್ಟ ವರ್ಷ ಎಂಜಲಕ್ಕ ಕುಂಕುಮ ಏರಸೇನೇನ ನಾ?” ಅಂದೆ. ಗಾಜಿನ ಚೌಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮಣೆಯಿಂದ ತೆಗೆದು ಚಪ್ಪಲಿ ಬಿಡುವ ಕಡೆ ಇಟ್ಟೆ. ಬಚ್ಚಲ ಮೋರಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ. ನೀವು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿರಿ. “ತೊಳಕೋ ಬೋರಮ್ಮಾ. ಮೊಣಕೈತನಾ ತೊಳಕೋ” ಅಂದಿರಿ. ಅಷ್ಟೇ. ಪ್ರಸಾದ ತೆಗೆದುಕೊಳ್ಳದೆ ಕೆಳಗಿಳಿದು ಹೋದಿರಿ. ಮುಂದಿನ ಯುಗಾದಿಗೆ ನಿಮ್ಮವರು ರಿಟೈರ್ ಆದರು, ನೀವು ವಿಜಯಪುರ ಸೇರಿದಿರಿ.

ಆ ಹಾಳೆಯನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ, ಜಗಲಿಗೆ ತರಲು ಮನಸ್ಸು ಬರಲಿಲ್ಲ. ಮರುದಿನ ದೇವಿಯನ್ನು ಬಿಡಲು ಕೆರೆಗೆ ಹೋಗುವವರ ಕೈಯಲ್ಲಿ, ಒಣಗಿದ ಹೂವಿನ ಚೀಲದೊಳಗೆ ಸೇರಿಸಿ ಕಳಿಸಿಬಿಟ್ಟೆ. ನೀರಿಗೆ ಹೋಯಿತೋ, ಮುನ್ಸಿಪಾಲಿಟಿಯ ಲಾರಿಗೆ ಹೋಯಿತೋ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಅದಾದ ಮೇಲೆ ಪ್ರೆಸ್ಸಿನವನು ಹಿಂದಿನ ಸಂಚಿಕೆಯ ಹೆಸರನ್ನು ಕತ್ತರಿಸಿ ಅದನ್ನೇ ಮುಂದಿನದಕ್ಕೆ ಅಂಟಿಸಿಕೊಳ್ಳುತ್ತಾ ಬಂದ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಟ್ಟಿತು. ಆ ಹುಡುಗ ಗಲೀಜು ಅಂದದ್ದು ನಿಮ್ಮ ಕೈಯನ್ನಲ್ಲ, ನಾನು ಮಾಡಿದ್ದನ್ನು. ನಿಮ್ಮ ಅಕ್ಷರ ಕೊಟ್ಟಾಗ ಹುಣ್ಣಿಮೆಯ ಹಾಗಿತ್ತು. ಕೆಡಿಸಿದವಳು ನಾನು.

ಈಗ ಕೇಳುವುದು ಕೇಳುತ್ತೇನೆ. ಕಾಗದದ ಜೊತೆ ಡ್ರಾಯಿಂಗ್ ಹಾಳೆ ಆರು ಇಟ್ಟಿದ್ದೇನೆ, ಮಡಚಿಲ್ಲ, ಸುರುಳಿ ಮಾಡಿ ಕೊಳವೆಯಲ್ಲಿ ಹಾಕಿದ್ದೇನೆ. ಇನ್ನೊಮ್ಮೆ ಬರೆದುಕೊಡಿರಿ. ಹಾಳೆಯ ತುಂಬ ದೊಡ್ಡದಾಗಿ ಬರೆಯಬೇಕಂತೆ, ಅನಿಕೇತ್‌ನನ್ನು ರಾತ್ರಿಯೇ ಫೋನಿನಲ್ಲಿ ಕೇಳಿಕೊಂಡಿದ್ದೇನೆ. ಬ್ರಶ್ಶು ನಾನು ಕಳಿಸಿಲ್ಲ. ದಾದರ್‌ನಲ್ಲಿ ಸಿಗುತ್ತದೆ, ಬೇಕಂತಲೇ ಕೊಳ್ಳಲಿಲ್ಲ. ಅವತ್ತು ಹೇಗೆ ಬರೆದಿರೋ ಹಾಗೆಯೇ ಬರೆಯಿರಿ. ಯಾವುದರಿಂದ ಬರೆದದ್ದು ಅಂತ ಸಭೆಯಲ್ಲಿ ಕೇಳಿದರೆ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಮೊದಲಿನ ಹಾಳೆ ಏನಾಯಿತು ಅನ್ನುವುದನ್ನೂ ಹೇಳುತ್ತೇನೆ. ಟ್ರಂಕಿನ ಸುಳ್ಳು ಭಾನುವಾರದವರೆಗೆ ಮಾತ್ರ. ಒಳಪುಟದಲ್ಲಿ ‘ಹೆಸರಿನ ಅಕ್ಷರ: ಗಂಗುಬಾಯಿ’ ಅಂತ ಅಚ್ಚಾಗಬೇಕು ಅಂತಲೂ ಪಟ್ಟು ಹಿಡಿಯುತ್ತೇನೆ. ಇಷ್ಟು ವರ್ಷದಲ್ಲಿ ಪ್ರೆಸ್ಸಿನವನ ಹೆಸರು ಬಂತು, ಸಮೋಸ ಕೊಟ್ಟವರ ಹೆಸರೂ ಬಂತು, ನಿಮ್ಮದು ಬರಲಿಲ್ಲ. ಯಾರೂ ಹಾಕಬೇಡ ಅನ್ನಲಿಲ್ಲ, ಯಾರಿಗೂ ಹೊಳೆಯಲೂ ಇಲ್ಲ. ನನಗೂ ಹೊಳೆಯಲಿಲ್ಲ.

ಬರೆಯದಿದ್ದರೆ ದಸರೆಗೆ ಮನೆಮನೆಗೂ ಟೆಂಪೋದ ಬಂಗಾರದ ಸೌಟು ಹೋಗುತ್ತದೆ. ನಮ್ಮ ಚಾಳಿನ ಗ್ಯಾಲರಿಯಲ್ಲಿ ಕೂತು ಕಾಳು ಆರಿಸುತ್ತಾ ನೀವು ಇಟ್ಟ ಹೆಸರು ಅದು. ಊರು ಬಿಟ್ಟು ಬಂದವರು ದಾರಿಯಲ್ಲಿ ಬಿಚ್ಚಿ ತಿನ್ನಲಿ ಅಂತ ಬುತ್ತಿ ಅಂದಿರಿ. ಅದರ ಮೇಲೆ ಆ ಸೌಟು ನೋಡುವುದು ನನ್ನಿಂದ ಆಗುವುದಿಲ್ಲ.

ನನ್ನ ಮಾತಿಗೆ ಕ್ಷಮೆ ಇರಲಿ. ಮಡಿ, ಎಂಜಲು ಅನ್ನುವುದು ನನಗೆ ಚಿಕ್ಕಂದಿನಿಂದ ಮೈಗೆ ಹತ್ತಿದ್ದು. ನೀವು ಅಂತಲ್ಲ, ಒಡಹುಟ್ಟಿದ ತಂಗಿ ಬರೆದಿದ್ದರೂ ಅವತ್ತು ಹಾಗೇ ಅನ್ನುತ್ತಿದ್ದೆ. ಆ ಸಿಟ್ಟು ಕಡ್ಡಿಯ ಮೇಲಿತ್ತು, ನಿಮ್ಮ ಮೇಲಲ್ಲ.

ನಿಮ್ಮವರಿಗೆ ಶರಣು ಹೇಳಿರಿ. ಮೊಣಕಾಲಿನ ನೋವು ಹೇಗಿದೆ? ಅಮೋಲನ ಕೈಯಲ್ಲಿ ಎಳ್ಳಿನ ಚಟ್ನಿಪುಡಿ ಕಳಿಸಿದ್ದೇನೆ.

ಇಂತಿ,
ನಿಮ್ಮ ಎದುರು ಖೋಲಿಯಲ್ಲಿದ್ದ
ಬೋರಮ್ಮ

ತಾ.ಕ.: ಕಾಗದ ಮಡಚಿ ಗೋಂದು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಉಪವಾಸದ ದಿನ ಸುಳ್ಳು ಬರೆದು ಕಳಿಸಲು ಆಗಲಿಲ್ಲ. ತಂಗಿಗೂ ಹಾಗೇ ಅನ್ನುತ್ತಿದ್ದೆ ಅಂತ ಬರೆದೆನಲ್ಲ, ಅದು ಸುಳ್ಳು. ನಮ್ಮ ನೀಲವ್ವ ಕಚ್ಚಿ ಕೊಟ್ಟ ಪೇರಲಹಣ್ಣು ತಿಂದವಳು ನಾನು. ಇಬ್ಬರಿಗೂ ಮಕ್ಕಳಾದ ಮೇಲೂ ಒಂದೇ ತಾಟಿನಲ್ಲಿ ಉಂಡಿದ್ದೇವೆ. ಅವಳು ಕಡ್ಡಿ ಜಗಿದು ಬರೆದಿದ್ದರೆ ನಕ್ಕು ಆರತಿ ಎತ್ತುತ್ತಿದ್ದೆ. ನಾನು ತೊಳೆದುಕೊಂಡದ್ದು ಕಡ್ಡಿಯನ್ನಲ್ಲ ಅಕ್ಕಾ, ಊರಲ್ಲಿ ನಮ್ಮ ಮಂದಿ ನೀರು ಮುಟ್ಟದ ನಿಮ್ಮ ಓಣಿಯನ್ನು. ನಿಮಗೆ ಅವತ್ತೇ ತಿಳಿದಿತ್ತು, ಅದಕ್ಕೇ ಮೊಣಕೈತನಕ ಅಂದಿರಿ. ಹದಿಮೂರು ವರ್ಷ ನಿಮ್ಮ ಮನೆಯಲ್ಲಿ ಚಹಾ ಕುಡಿದೆ ಅಂತ ಎಲ್ಲರೆದುರು ದೊಡ್ಡಸ್ತಿಕೆ ಹೇಳಿಕೊಂಡಿದ್ದೇನೆ. ಪ್ರತಿ ಸಲ ಲೋಟದಲ್ಲಿ ಇರುವೆ ಇವೆ ಅಂತ ನೆವ ಮಾಡಿ, ನಿಮ್ಮಿಂದ ನೀರು ಕೇಳಿ ಮತ್ತೊಮ್ಮೆ ತೊಳೆದುಕೊಂಡೇ ಕುಡಿದೆ. ಇರುವೆ ಒಂದು ದಿನವೂ ಇರಲಿಲ್ಲ. ನಿಮ್ಮ ಲೋಟ ನಮ್ಮ ಮನೆಯ ಲೋಟಕ್ಕಿಂತ ಸ್ವಚ್ಛ ಇರುತ್ತಿತ್ತು. ನಿನ್ನೆ ಅಧ್ಯಕ್ಷರ ಬೆರಳು ನೋಡಿ ಬಂದ ಹೇಸಿಗೆಗಿಂತ ಇದನ್ನು ಬರೆಯುವಾಗ ಬಂದದ್ದು ಹೆಚ್ಚು.

ಇದನ್ನು ಓದಿಯೂ ಬರೆದುಕೊಡುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಬರೆಯದಿದ್ದರೆ ಹಾಳೆಗಳನ್ನು ಖಾಲಿಯೇ ವಾಪಸು ಕಳಿಸಿರಿ, ಸಭೆಯಲ್ಲಿ ಖಾಲಿ ಹಾಳೆಯನ್ನೇ ಇಟ್ಟು, ಯಾಕೆ ಖಾಲಿ ಅನ್ನುವುದನ್ನು ನಾನು ಹೇಳುತ್ತೇನೆ. ಅಮೋಲನ ಬಸ್ಸು ಭಾನುವಾರ ಬೆಳಿಗ್ಗೆ ಏಳಕ್ಕೆ ದಾದರ್‌ಗೆ ಬರುತ್ತದಂತೆ. ಅಲ್ಲಿಗೆ ನಾನೇ ಬರುತ್ತೇನೆ ಅಂದರೆ ನೀವು ಅವನ ಕೈಯಲ್ಲಿ ಏನೂ ಕೊಡಲಿಕ್ಕಿಲ್ಲ, ಅದಕ್ಕೆ ನನ್ನ ಮಗಳು ಸೌಮ್ಯಾಳನ್ನು ಕಳಿಸುತ್ತೇನೆ. ಅವಳ ಮೇಲೆ ನಿಮಗೆ ಸಿಟ್ಟಿಲ್ಲ, ನಿಮ್ಮ ತೊಡೆಯ ಮೇಲೆ ಬೆಳೆದವಳು. ಕೊಳವೆ ತುಂಬಿರಲಿ, ಖಾಲಿಯಿರಲಿ, ಇಳಿದ ಕೂಡಲೇ ಅವಳ ಕೈಗೆ ಕೊಡು, ಅವಳು ಬರುವುದು ತಡವಾದರೆ ನಿಂತು ಕೊಡು ಅಂತ ಅಮೋಲನಿಗೆ ಹೇಳಿ ಕಳಿಸಿರಿ.